ರಕ್ತದ ಟ್ಯೂಬ್ ಬರುವ ಮೊದಲು: ಟಿ ಸೆಲ್ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ

ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ನಮ್ಮ ಲ್ಯಾಬಿಗೆ ಹೊಸಬರು ಬರುತ್ತಾರೆ. ಕೆಲವರು ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಪಾಸಾದವರು, ಕೆಲವರು ಆರು ತಿಂಗಳ ಪ್ರಾಜೆಕ್ಟಿಗೆ ಬಂದ ಎಂಎಸ್ಸಿ ಮಕ್ಕಳು. ಅವರಿಗೆ ಬೆಂಚಿನ ಕೆಲಸ ಕಲಿಸುವುದು ನನ್ನ ಪಾಲು. ನಮ್ಮದು ಬೆಂಗಳೂರಿನ ಯಲಹಂಕದ ಕಡೆ ಇರುವ ಲ್ಯಾಬ್. ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಕೊಲ್ಲುವ ಹಾಗೆ ಟಿ ಸೆಲ್‌ಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಥರದ ಬಿಳಿ ರಕ್ತಕಣಗಳನ್ನು, ಬದಲಾಯಿಸುತ್ತೇವೆ. ಅವು ಸ್ವಲ್ಪ ದಿನ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಯಾಕೆ ಸೋತು ಕೂರುತ್ತವೆ ಅಂತ ಹುಡುಕುತ್ತೇವೆ.

ಬಂದವರಿಗೆ ಪಾಠ ಚೆನ್ನಾಗಿಯೇ ಗೊತ್ತಿರುತ್ತದೆ. ಟಿ ಸೆಲ್‌ಗೆ ಬ್ರೇಕ್ ಹಾಕುವ ಪಿಡಿ-1 ಅಂದರೇನು ಅಂತ ಕೇಳಿದರೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಾರೆ. 2018ರ ನೊಬೆಲ್ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ ಯಾಕೆ ಬಂತು ಅಂತ ಹೇಳುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನುವ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕ ಮೇಲಂತೂ ಕಾರ್-ಟಿ, ಅಂದರೆ ಕ್ಯಾನ್ಸರ್ ಕೋಶ ಗುರುತಿಸುವ 'ಕಾರ್' ಅನ್ನುವ ಕೃತಕ ರಿಸೆಪ್ಟರ್ ಹಾಕಿದ ಟಿ ಸೆಲ್ ಅನ್ನೋದು ಮನೆಮಾತಾಗಿದೆ. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ 2025ರಲ್ಲಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ಆದ್ದರಿಂದ ಹುಮ್ಮಸ್ಸಿಗೇನೂ ಕಮ್ಮಿ ಇಲ್ಲ.

ಕಷ್ಟ ಶುರುವಾಗುವುದು ಬೇರೆ ಕಡೆ. ನಮ್ಮ ಕಚ್ಚಾ ಮಾಲು ಒಬ್ಬ ಮನುಷ್ಯನ ರಕ್ತ. ಆ ದಿನದ ಆ ಟ್ಯೂಬ್ ಮತ್ತೆ ಸಿಗುವುದಿಲ್ಲ. ರೋಗಿಯದ್ದಾದರೆ ಮುಂದಿನ ವಾರದ ಹೊತ್ತಿಗೆ ಕೀಮೋ ಶುರುವಾಗಿರುತ್ತದೆ, ಆಗ ಅದು ಬೇರೆಯದೇ ರಕ್ತ. ಹಾಗಾಗಿ ಕಲಿಯುವುದು, ತಪ್ಪುವುದು, ಹುಡುಕಾಡುವುದು ಎಲ್ಲ ಟ್ಯೂಬ್ ಬರುವ ಮೊದಲೇ ಮುಗಿದಿರಬೇಕು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆ ಆಗುವುದಿಲ್ಲ.

ಮೊದಲ ವಾರ ಪಿಪೆಟ್ ಮುಟ್ಟಬೇಡಿ

ಮೊದಲು ಹೆಪಟೈಟಿಸ್ ಬಿ ಲಸಿಕೆ. 3 ಡೋಸ್, ಮೊದಲನೆಯದು ಈಗ, ಎರಡನೆಯದು 1 ತಿಂಗಳಿಗೆ, ಮೂರನೆಯದು 6 ತಿಂಗಳಿಗೆ. ಇಮ್ಯುನಾಲಜಿ ಓದಿದವರೇ ಲಸಿಕೆ ಇಲ್ಲದೆ ಬರುತ್ತಾರೆ, ಏನನ್ನೋಣ ಇದಕ್ಕೆ? ಆರೋಗ್ಯವಂತ ದಾನಿಯ ರಕ್ತವೇ ಆದರೂ ಸೋಂಕು ಇದೆ ಎಂದುಕೊಂಡೇ ಕೆಲಸ ಮಾಡಬೇಕು. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಚೆಲ್ಲಿದರೆ ಮೇಲೆ ಟಿಶ್ಯೂ ಹಾಸಿ, ಹೈಪೋಕ್ಲೋರೈಟ್ ಸುರಿದು, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒರೆಸಬೇಕು. ಕಸದ ಚೀಲಗಳ ಬಣ್ಣ ಬಾಯಿಪಾಠ ಆಗಬೇಕು. ಹಳದಿ, ಕೆಂಪು, ಬಿಳಿ, ನೀಲಿ ನಾಲ್ಕಕ್ಕೂ ಲೆಕ್ಕ ಬೇರೆ ಬೇರೆ. ನೀವು ತಪ್ಪು ಚೀಲಕ್ಕೆ ಹಾಕಿದ ಸೂಜಿ ಚುಚ್ಚುವುದು ಬೆಳಿಗ್ಗೆ ಕಸ ತೆಗೆಯುವ ಅಕ್ಕನ ಕೈಗೆ.

ಇನ್ನೊಂದು ಮಾತು, ಇದನ್ನು ಎಷ್ಟೋ ಕಡೆ ಹೇಳಿಯೇ ಕೊಡುವುದಿಲ್ಲ. ನಿಮ್ಮ ಸ್ವಂತ ರಕ್ತದ ಟಿ ಸೆಲ್‌ಗಳಿಗೆ ವೈರಸ್ (ಹೊಸ ಜೀನ್ ಒಳಗೆ ಒಯ್ಯಲು ನಾವು ಬಳಸುವುದು) ಹಾಕಿ ಪ್ರಯೋಗ ಮಾಡಬೇಡಿ. ಬೇರೆಯವರ ಸೆಲ್ ಅಕಸ್ಮಾತ್ ನಿಮ್ಮ ಮೈಗೆ ಹೋದರೆ ದೇಹ ಅದನ್ನು ಪರಕೀಯ ಅಂತ ಗುರುತಿಸಿ ಹೊರಹಾಕುತ್ತದೆ. ನಿಮ್ಮದೇ ಸೆಲ್ ಆದರೆ ಆ ಕಾವಲು ಇರುವುದಿಲ್ಲ. "ದಾನಿ ಸಿಗಲಿಲ್ಲ ಮೇಡಂ, ನಂದೇ ತೆಗೀತೀನಿ" ಅಂತ ಯಾರಾದರೂ ಅಂದರೆ ನಾನು ಆ ದಿನದ ಪ್ರಯೋಗವನ್ನೇ ನಿಲ್ಲಿಸುತ್ತೇನೆ. ಹಾಗೆಯೇ ಜೂನಿಯರ್‌ಗಳ ತೋಳು ಹಿಡಿದು "ಒಂದಿಷ್ಟು ರಕ್ತ ಕೊಡು" ಅನ್ನುವುದೂ ಸರಿಯಲ್ಲ. ಎಥಿಕ್ಸ್ ಕಮಿಟಿಯ ಅನುಮತಿ, ದಾನಿ ಸಹಿ ಮಾಡಿದ ಒಪ್ಪಿಗೆ ಪತ್ರ ಎರಡೂ ಇರಬೇಕು. ಬೇಡ ಅನ್ನುವ ಸ್ವಾತಂತ್ರ್ಯ ನಿಜವಾಗಿಯೂ ಇರುವವರಿಂದ ಮಾತ್ರ ತೆಗೆದುಕೊಳ್ಳಬೇಕು.

ಆಮೇಲೆ ಹುಡ್. ಗಾಳಿಯನ್ನು ನಿಮ್ಮ ಮುಖದ ಕಡೆ ಬೀಸುವ ಲ್ಯಾಮಿನಾರ್ ಹುಡ್ ಬೇರೆ, ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ ಬೇರೆ. ಮೊದಲನೆಯದು ಸೆಲ್‌ಗಳನ್ನು ಮಾತ್ರ ಕಾಪಾಡುತ್ತದೆ, ನಿಮ್ಮನ್ನಲ್ಲ. ರಕ್ತ, ವೈರಸ್ ಎರಡಕ್ಕೂ ಎರಡನೆಯದೇ ಬೇಕು. ಅದರ ಮುಂದಿನ ಜಾಲರಿಯ ಮೇಲೆ ನೋಟ್‌ಬುಕ್ ಇಡಬೇಡಿ. ಗಾಳಿಯ ಪರದೆ ಅಲ್ಲೇ ಹರಿದುಹೋಗುತ್ತದೆ.

ಒಂದು ವಾರ ಬೇರೆಯವರ ಪಕ್ಕದಲ್ಲಿ ನಿಂತು ಸುಮ್ನೆ ನೋಡಿ. ಬಾಟಲಿ ಮುಚ್ಚಳ ಎಲ್ಲಿಡುತ್ತಾರೆ, ಯಾವಾಗ ಟಿಪ್ ಬದಲಾಯಿಸುತ್ತಾರೆ, ಯಾವ ಕೈಯಲ್ಲಿ ಟ್ಯೂಬ್ ಓರೆ ಮಾಡುತ್ತಾರೆ, ಇವೆಲ್ಲ ಪ್ರೊಟೋಕಾಲಿನಲ್ಲಿ ಬರೆದಿರುವುದಿಲ್ಲ. ಎರಡನೇ ವಾರ ಬಣ್ಣದ ನೀರು ಮತ್ತು ಫೈಕಾಲ್ (ರಕ್ತದ ಸೆಲ್‌ಗಳನ್ನು ಸಾಂದ್ರತೆಯ ಮೇಲೆ ಬೇರ್ಪಡಿಸುವ ದ್ರಾವಣ) ಇಟ್ಟುಕೊಂಡು ಕೈ ಪಳಗಿಸಿಕೊಳ್ಳಿ.

ರಕ್ತ ಬಂದ ದಿನ

ಆಸ್ಪತ್ರೆಯಿಂದ ಫೋನ್ ಬಂದ ತಕ್ಷಣ ಕೇಳಬೇಕಾದ್ದು ಮೂರು ವಿಷಯ: ಎಷ್ಟು ಗಂಟೆಗೆ ತೆಗೆದರು, ಯಾವ ಟ್ಯೂಬ್, ಎಷ್ಟು ಮಿಲಿ. ಹಸಿರು ಮುಚ್ಚಳದ್ದು ಹೆಪಾರಿನ್, ನೇರಳೆ ಮುಚ್ಚಳದ್ದು ಇಡಿಟಿಎ, ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಸೆಲ್‌ಗಳ ಕೆಲಸ ನೋಡಬೇಕಾದರೆ ನಮಗೆ ಹೆಪಾರಿನ್ ಇಷ್ಟ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಟಿ ಸೆಲ್ ಎಚ್ಚರಗೊಳ್ಳಲು ಕ್ಯಾಲ್ಸಿಯಂ ಬೇಕೇ ಬೇಕು. ತೊಳೆದರೆ ಇಡಿಟಿಎ ಹೋಗುತ್ತದೆ, ಆದರೆ ಎಲ್ಲ ದಾನಿಗಳಿಗೂ ಒಂದೇ ಥರದ ಟ್ಯೂಬ್ ಇರಲಿ.

ರಕ್ತವನ್ನು ಐಸ್ ಮೇಲೆ ತರಬೇಡಿ. ಕೋಣೆಯ ಉಷ್ಣತೆಯಲ್ಲೇ ಇರಲಿ. ಹೊಸೂರು ರಸ್ತೆಯ ಆಸ್ಪತ್ರೆಯಿಂದ ನಮ್ಮ ಕಡೆ ಬರಬೇಕಾದರೆ ಇಡೀ ಊರು ದಾಟಬೇಕು. ಹೆಬ್ಬಾಳ ಫ್ಲೈಓವರ್ ಕೂಡ ನಮ್ಮ ಪ್ರೊಟೋಕಾಲಿನ ಒಂದು ಹಂತ ಅಂತ ನಾವು ತಮಾಷೆ ಮಾಡುತ್ತೇವೆ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ಆ ರಕ್ತ ಬೆಂದೇ ಹೋಗುತ್ತದೆ. ಥರ್ಮೋಕೋಲ್ ಡಬ್ಬ ಇರಲಿ, ಒಳಗೆ ಐಸ್ ಬೇಡ. ತೆಗೆದ ದಿನವೇ ಕೆಲಸ ಮುಗಿಸಿ. ಹೊತ್ತಾದಷ್ಟೂ ನ್ಯೂಟ್ರೋಫಿಲ್ ಅನ್ನುವ ಬಿಳಿಕಣಗಳ ಸಾಂದ್ರತೆ ಬದಲಾಗುತ್ತದೆ. ತಳಕ್ಕೆ ಹೋಗಬೇಕಾದವು ಮೇಲೇ ಉಳಿದು ನಿಮಗೆ ಬೇಕಾದ ಸೆಲ್‌ಗಳ ಜೊತೆ ಸೇರಿಕೊಳ್ಳುತ್ತವೆ.

ಇನ್ನು ಫೈಕಾಲ್. ಅದರ ಸಾಂದ್ರತೆ ಪ್ರತಿ ಮಿಲಿಗೆ 1.077 ಗ್ರಾಂ. ಲಿಂಫೋಸೈಟ್ (ಟಿ ಸೆಲ್ ಸೇರಿದ ಗುಂಪು), ಮೊನೋಸೈಟ್ ಅನ್ನುವ ಬಿಳಿಕಣಗಳು ಅದಕ್ಕಿಂತ ಹಗುರ, ಕೆಂಪು ಕಣ ಮತ್ತು ನ್ಯೂಟ್ರೋಫಿಲ್ ಭಾರ. ಈ ಕೂದಲೆಳೆಯ ವ್ಯತ್ಯಾಸದ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಫೈಕಾಲ್ ಬಳಸಬೇಡಿ, ತಣ್ಣಗಾದರೆ ಸಾಂದ್ರತೆ ಏರುತ್ತದೆ. ಬೆಳಿಗ್ಗೆಯೇ ಹೊರಗಿಡಿ.

50 ಮಿಲಿ ಟ್ಯೂಬಿಗೆ 15 ಮಿಲಿ ಫೈಕಾಲ್ ಹಾಕಿ. ರಕ್ತವನ್ನು ಅಷ್ಟೇ ಪ್ರಮಾಣದ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಜೊತೆ ಬೆರೆಸಿ. ಟ್ಯೂಬನ್ನು ಓರೆ ಮಾಡಿ, ಪಿಪೆಟ್ ತುದಿಯನ್ನು ಗೋಡೆಗೆ ಆನಿಸಿ, ಆ ಬೆರಕೆಯನ್ನು ಫೈಕಾಲ್ ಮೇಲೆ ಮೆಲ್ಲಗೆ ಇಳಿಸಿ. ಪಿಪೆಟ್ ಗನ್ನಿನ ವೇಗ ಅತಿ ಕಡಿಮೆಗೆ ಇಟ್ಟುಕೊಳ್ಳಿ. ಮೊದಲ 5 ಮಿಲಿ ಮುಖ್ಯ. ರಕ್ತ ಒಮ್ಮೆ ಪದರವಾಗಿ ಹರಡಿಕೊಂಡರೆ ಉಳಿದದ್ದನ್ನು ಸ್ವಲ್ಪ ಬೇಗ ಬಿಡಬಹುದು. ಗಡಿಯ ಗೆರೆ ಚೂಪಾಗಿ ಕಾಣುತ್ತಿರಬೇಕು. ಮಸುಕಾದರೆ ಅಲ್ಲಿಗೆ ಮುಗಿಯಿತು.

ಸೆಂಟ್ರಿಫ್ಯೂಜಿನಲ್ಲಿ 400 ಜಿ (ಗುರುತ್ವದ 400 ಪಟ್ಟು ಬಲ), 30 ನಿಮಿಷ, ಬ್ರೇಕ್ ಸೊನ್ನೆ. ಬ್ರೇಕ್ ಹಾಕಿದರೆ ಪದರಗಳು ಕಲಸಿಹೋಗುತ್ತವೆ. ಸೆಂಟ್ರಿಫ್ಯೂಜ್ ತಾನಾಗಿ ನಿಲ್ಲಲು ಹೊತ್ತು ಹಿಡಿಯುತ್ತದೆ, ಕಾಯಿರಿ. ನೋಟ್‌ಬುಕ್ಕಿನಲ್ಲಿ ಆರ್‌ಪಿಎಂ ಬರೆಯಬೇಡಿ, ಜಿ ಬರೆಯಿರಿ. ಪಕ್ಕದ ಲ್ಯಾಬಿನ ರೋಟರ್ ದೊಡ್ಡದಿದ್ದರೆ ಅದೇ ಆರ್‌ಪಿಎಂನಲ್ಲಿ ಬಲವೇ ಬೇರೆ.

ಟ್ಯೂಬ್ ಹೊರಗೆ ತೆಗೆದಾಗ ಬೆಳಕಿಗೆ ಹಿಡಿದು ನೋಡಿ. ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು, ಅದರ ಮೇಲೆ ತಿಳಿಯಾದ ಫೈಕಾಲ್. ಪ್ಲಾಸ್ಮಾ ಮತ್ತು ಫೈಕಾಲ್ ನಡುವೆ ಅಕ್ಕಚ್ಚಿನ ಬಣ್ಣದ ಒಂದು ತೆಳು ಪಟ್ಟಿ. ನಿಮಗೆ ಬೇಕಾದ್ದು ಅಷ್ಟೇ. ಪ್ಲಾಸ್ಮಾ ಸ್ವಲ್ಪ ತೆಗೆದು, ಪಾಶ್ಚರ್ ಪಿಪೆಟ್ ತುದಿಯನ್ನು ಪಟ್ಟಿಯ ಮಟ್ಟದಲ್ಲೇ ಹಿಡಿದು, ಗೋಡೆಯ ಸುತ್ತ ತಿರುಗಿಸುತ್ತಾ ಎಳೆಯಿರಿ. ಆಸೆಪಟ್ಟು ಕೆಳಗಿನ ಫೈಕಾಲ್ ಜಾಸ್ತಿ ಎಳೆದರೆ ತೊಳೆಯುವಾಗ ಸೆಲ್ ಕೆಳಗೆ ಕೂರುವುದಿಲ್ಲ. ಕೊನೆಯ ತೊಳೆತ 200 ಜಿ ಸುಮಾರಿಗೆ ಇರಲಿ, ಪ್ಲೇಟ್‌ಲೆಟ್‌ಗಳು ಮೇಲಿನ ನೀರಿನ ಜೊತೆ ಹೊರಟುಹೋಗುತ್ತವೆ.

ಎಣಿಕೆಯನ್ನು ಕೈಯಲ್ಲೇ ಕಲಿಯಿರಿ. ಮೆಷಿನ್ ಇದ್ದರೂ ಪರವಾಗಿಲ್ಲ, ಮೊದಲು ಚೌಕಗಳಿರುವ ಎಣಿಕೆಯ ಗಾಜು, ನ್ಯೂಬಾವರ್ ಚೇಂಬರ್. ಸೆಲ್ ಮತ್ತು ಟ್ರಿಪಾನ್ ಬ್ಲೂ ಸಮಸಮ ಬೆರೆಸಿ, ನಾಲ್ಕು ಮೂಲೆಯ ಚೌಕ ಎಣಿಸಿ. ಒಟ್ಟು 200 ಬಂದರೆ ಸರಾಸರಿ 50. ಅದಕ್ಕೆ 2 ಮತ್ತು 10,000 ಗುಣಿಸಿದರೆ ಮಿಲಿಗೆ 10 ಲಕ್ಷ. ಸತ್ತ ಸೆಲ್ ನೀಲಿಯಾಗಿ ಕಾಣುತ್ತದೆ. ಒಂದು ಮಿಲಿ ರಕ್ತಕ್ಕೆ ಸುಮಾರು 10ರಿಂದ 20 ಲಕ್ಷ ಸೆಲ್ ಸಿಗಬೇಕು. ಆರೋಗ್ಯವಂತರ ರಕ್ತದಲ್ಲಿ 1 ಕೋಟಿ ಸಿಕ್ಕಿತು ಅಂತ ಖುಷಿಪಡಬೇಡಿ, ಗುಣಾಕಾರ ಮತ್ತೊಮ್ಮೆ ಮಾಡಿ.

ಉಳಿದದ್ದನ್ನು ಫ್ರೀಜ್ ಮಾಡಿ. 90 ಭಾಗ ಸೀರಂ, 10 ಭಾಗ ಡಿಎಂಎಸ್ಒ (ಮಂಜಿನ ಹರಳಿನಿಂದ ಸೆಲ್ ಕಾಪಾಡುವ ದ್ರವ). ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಇಳಿಯಬೇಕು, ಅದಕ್ಕೇ ಐಸೋಪ್ರೊಪನಾಲ್ ಡಬ್ಬ ಇರುವುದು. ರಾತ್ರಿ ಮೈನಸ್ 80, ಆಮೇಲೆ ದ್ರವ ನೈಟ್ರೋಜನ್. ಕರಗಿಸುವಾಗ ಇದಕ್ಕೆ ತಿರುಗಾಮುರುಗಾ. 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಬೇಕು, ಬೆಚ್ಚಗಿನ ಮೀಡಿಯಾವನ್ನು (ಸೆಲ್ ಬೆಳೆಸುವ ದ್ರಾವಣ) ಮೊದಮೊದಲು ಹನಿ ಹನಿಯಾಗಿ ಸೇರಿಸಬೇಕು. ಒಂದೇ ಸಲ ಸುರಿದರೆ ಸೆಲ್ ಒಡೆಯುತ್ತದೆ.

ಟಿ ಸೆಲ್‌ಗೆ ಭಾನುವಾರ ಗೊತ್ತಿಲ್ಲ

ವಿಶ್ರಾಂತಿಯಲ್ಲಿರುವ ಟಿ ಸೆಲ್‌ಗೆ ಕಾರ್‌ನ ಜೀನ್ ಒಯ್ಯುವ ಲೆಂಟಿವೈರಸ್ ಸುಲಭವಾಗಿ ಹೋಗುವುದಿಲ್ಲ. ಮೊದಲು ಎಬ್ಬಿಸಬೇಕು. ಟಿ ಸೆಲ್ ಮೇಲಿರುವ ಸಿಡಿ3, ಸಿಡಿ28 ಅನ್ನುವ ಪ್ರೊಟೀನ್ ಎರಡನ್ನೂ ಹಿಡಿಯುವ ಆಂಟಿಬಾಡಿ, ಜೊತೆಗೆ ಬೆಳೆಯಲು ಸಂಕೇತ ಕೊಡುವ ಐಎಲ್-2. ಮಾರನೆಯ ದಿನದಿಂದ ಸೆಲ್‌ಗಳು ಗುಂಪುಗಟ್ಟುತ್ತವೆ, ಗಾತ್ರ ದೊಡ್ಡದಾಗುತ್ತದೆ, ಗುಲಾಬಿ ಮೀಡಿಯಾ ಹಳದಿಗೆ ತಿರುಗುತ್ತದೆ. ಗುಂಪು ಕಾಣದಿದ್ದರೆ ವೈರಸ್ ಖರ್ಚು ಮಾಡಬೇಡಿ.

ಆದ್ದರಿಂದ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಹಿಂದಿನಿಂದ ಎಣಿಸಿ. ಸೋಮವಾರ ಎಬ್ಬಿಸಿದರೆ ಮಂಗಳವಾರ ಅಥವಾ ಬುಧವಾರ ವೈರಸ್. ಶುಕ್ರವಾರ, ಭಾನುವಾರ ಹೊಸ ಮೀಡಿಯಾ. ಮುಂದಿನ ಸೋಮವಾರ ಫ್ಲೋ (ಬಣ್ಣ ಹಚ್ಚಿದ ಸೆಲ್‌ಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್), ಬುಧವಾರ ಕೊಲ್ಲುವ ಪರೀಕ್ಷೆ. ಗುರುವಾರ ಶುರುಮಾಡಿದರೆ ವೈರಸ್ ದಿನ ವಾರಾಂತ್ಯಕ್ಕೆ ಬೀಳುತ್ತದೆ, ಸಹಾಯಕ್ಕೆ ಯಾರೂ ಇರುವುದಿಲ್ಲ. ಭಾನುವಾರದ ಸರದಿಯನ್ನು ಮೊದಲೇ ಹಂಚಿಕೊಳ್ಳಿ. ಗೌರಿ ಗಣೇಶಕ್ಕೆ ಊರಿಗೆ ಹೋಗುವವರು ಅದರ ಹಿಂದಿನ ವಾರ ಸೆಲ್ ಎಬ್ಬಿಸಬಾರದು. ಇದು ನಮ್ಮ ಲ್ಯಾಬಿನಲ್ಲಿ ಬರೆಯದೇ ಇರುವ ಕಾನೂನು.

ಆಂಟಿಬಾಡಿಯನ್ನು ಹೇಗೆ ಕೊಡುತ್ತೀರಿ ಅನ್ನುವುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ಮೀಡಿಯಾದಲ್ಲಿ ಸುಮ್ನೆ ತೇಲುವ ಸಿಡಿ3 ಆಂಟಿಬಾಡಿ ಶುದ್ಧ ಟಿ ಸೆಲ್‌ಗಳನ್ನು ಸರಿಯಾಗಿ ಎಬ್ಬಿಸುವುದಿಲ್ಲ. ಅದೇ ಆಂಟಿಬಾಡಿ ಪ್ಲೇಟಿಗೆ ಅಂಟಿಕೊಂಡಿದ್ದರೆ, ಅಥವಾ ಪಕ್ಕದಲ್ಲಿ ಅದನ್ನು ಹಿಡಿದುಕೊಳ್ಳುವ ಮೊನೋಸೈಟ್ ಇದ್ದರೆ, ಕಥೆಯೇ ಬೇರೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಸಿಡಿ28 ಆಂಟಿಬಾಡಿಯನ್ನು 6 ಜನ ಆರೋಗ್ಯವಂತರಿಗೆ ಕೊಟ್ಟರು. ಕೋತಿಗಳಲ್ಲಿ ಏನೂ ಆಗಿರಲಿಲ್ಲ. ಮನುಷ್ಯರಲ್ಲಿ ಕೆಲವೇ ಗಂಟೆಗಳೊಳಗೆ ಸೈಟೋಕೈನ್ (ರೋಗನಿರೋಧಕ ಸೆಲ್‌ಗಳು ಬಿಡುವ ಸಂಕೇತದ ಪ್ರೊಟೀನ್) ಬಿರುಗಾಳಿ ಎದ್ದು, ಆರೂ ಜನ ಐಸಿಯು ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆಂಟಿಬಾಡಿ ಕರಗಿದ ರೂಪದಲ್ಲಿದ್ದಾಗ ರಕ್ತದ ಸೆಲ್‌ಗಳು ಸುಮ್ಮನಿದ್ದವು, ಪ್ಲೇಟಿನ ಮೇಲೆ ಒಣಗಿಸಿ ಅಂಟಿಸಿದಾಗ ಸೈಟೋಕೈನ್ ಸುರಿಸಿದವು ಅಂತ ಆಮೇಲಿನ ಕೆಲಸದಲ್ಲಿ ಗೊತ್ತಾಯಿತು. ನಿಮ್ಮ ನೋಟ್‌ಬುಕ್ಕಿನಲ್ಲಿ "ಸಿಡಿ3 ಹಾಕಿದೆ" ಅಂತ ಮಾತ್ರ ಇದ್ದರೆ ಸಾಲದು. ಯಾವ ಕ್ಲೋನ್ (ಆಂಟಿಬಾಡಿಯ ಮೂಲ ತಳಿ), ಎಷ್ಟು, ಕರಗಿಸಿಯೋ ಅಂಟಿಸಿಯೋ, ಎಲ್ಲ ಇರಬೇಕು.

ಫ್ಲೋ ಸೈಟೋಮೀಟರ್ ಮುಂದೆ ಕೂರುವ ಮೊದಲು

ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ಮೋಹ ಇದರ ಮೇಲೆ. ಪರದೆಯ ಮೇಲೆ ಚುಕ್ಕಿಗಳು ಬರುತ್ತಾ ಹೋಗುತ್ತವೆ, ನೋಡಲು ಚೆಂದ. ಮೋಸಹೋಗುವುದೂ ಇಲ್ಲೇ ಜಾಸ್ತಿ.

ಮೊದಲ ಕೆಲಸ, ಸತ್ತ ಸೆಲ್‌ಗಳನ್ನು ತೋರಿಸುವ ಬಣ್ಣ ಹಾಕುವುದು. ಸತ್ತ ಸೆಲ್ ಯಾವ ಆಂಟಿಬಾಡಿ ಕೊಟ್ಟರೂ ಹಿಡಿದುಕೊಳ್ಳುತ್ತದೆ. ಅದನ್ನು ಹೊರಗಿಡದಿದ್ದರೆ ಪ್ರಪಂಚದಲ್ಲಿಲ್ಲದ ಹೊಸ ಸೆಲ್ ಜಾತಿಯೊಂದನ್ನು ನೀವು ಕಂಡುಹಿಡಿಯುತ್ತೀರಿ. ಎರಡು ಸೆಲ್ ಅಂಟಿಕೊಂಡು ಹೋದರೂ ಹಾಗೇ. ಸಿಡಿ3 ಮತ್ತು ಬಿ ಸೆಲ್‌ನ ಗುರುತಾದ ಸಿಡಿ19 ಎರಡೂ ಇರುವ ಸೆಲ್ ಸಿಕ್ಕಿತು ಅಂತ ಓಡಿಬರುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ಅದು ಟಿ ಸೆಲ್ ಒಂದು, ಬಿ ಸೆಲ್ ಒಂದು, ಜೋಡಿಯಾಗಿ ಹೋದದ್ದು. ಮೊನೋಸೈಟ್‌ಗಳು ಆಂಟಿಬಾಡಿಯ ಬಾಲ ಹಿಡಿಯುತ್ತವೆ, ಅದನ್ನು ತಡೆಯಲು ಎಫ್‌ಸಿ ಬ್ಲಾಕ್ ಹಾಕಿ.

ಆಂಟಿಬಾಡಿಗೆ ಅಂಟಿಸಿದ ಬಣ್ಣ ಆರಿಸುವಾಗ ಒಂದು ನಿಯಮ ನೆನಪಿಡಿ. ಸೆಲ್ ಮೇಲೆ ಕಡಿಮೆ ಇರುವ ವಸ್ತುವಿಗೆ ಹೆಚ್ಚು ಹೊಳೆಯುವ ಬಣ್ಣ, ತುಂಬ ಇರುವುದಕ್ಕೆ ಮಂಕು ಬಣ್ಣ. ಪಿಡಿ-1ಗೆ ಚೆನ್ನಾಗಿ ಹೊಳೆಯುವ ಪಿಇ ಕೊಡಿ, ತುಂಬ ಇರುವ ಸಿಡಿ8ಗೆ ಯಾವುದಾದರೂ ನಡೆಯುತ್ತದೆ. ಪಿಇ-ಸೈ7 ಥರದ ಜೋಡಿ ಬಣ್ಣಗಳನ್ನು ಫ್ರೀಜರಿನಲ್ಲಿ ಇಡಬೇಡಿ, ಬೆಳಕಿಗೆ ಬಿಡಬೇಡಿ. ಜೋಡಿ ಮುರಿದರೆ ಪಿಇ ಒಂದೇ ಉಳಿದು, ಇಲ್ಲದ ಜಾಗದಲ್ಲಿ ಸಿಗ್ನಲ್ ಕೊಡುತ್ತದೆ.

ಪಾಸಿಟಿವ್ ಎಲ್ಲಿಂದ ಶುರು ಅನ್ನುವ ಗೆರೆಯನ್ನು ಕಣ್ಣಂದಾಜಿನಲ್ಲಿ ಎಳೆಯುವಂತಿಲ್ಲ. ಎಫ್‌ಎಂಒ ಕಂಟ್ರೋಲ್ ಮಾಡಿ, ಅಂದರೆ ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್. ಗೆರೆ ಎಳೆಯುವುದು ಅದರ ಮೇಲೆ. ಆಮೇಲೆ ನಿಜವಾದ ಸ್ಯಾಂಪಲ್ ತೆರೆಯಿರಿ. ಸ್ಯಾಂಪಲ್ ನೋಡಿದ ಮೇಲೆ ಗೆರೆ ಸರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೇ ಈ ಕ್ರಮ.

ಕಂಪನಿ ಹೇಳಿದಷ್ಟು ಆಂಟಿಬಾಡಿ ಹಾಕಬೇಡಿ, ಟೈಟ್ರೇಟ್ ಮಾಡಿ. ಅರ್ಧ, ಕಾಲು, ಅರೆಕಾಲು ಹೀಗೆ ಇಳಿಸುತ್ತಾ ಹೋದರೆ ಎಷ್ಟೋ ಸಲ ಕಡಿಮೆ ಪ್ರಮಾಣದಲ್ಲೇ ಪಾಸಿಟಿವ್ ಮತ್ತು ನೆಗೆಟಿವ್ ಚೆನ್ನಾಗಿ ಬೇರೆಯಾಗುತ್ತವೆ. ಒಂದು ಸಣ್ಣ ವೈಯಲ್‌ಗೆ ಹತ್ತಾರು ಸಾವಿರ ರೂಪಾಯಿ ಕೊಡುವ ನಮ್ಮಂಥವರಿಗೆ ಇದು ವಿಜ್ಞಾನವೂ ಹೌದು, ಮನೆವಾರ್ತೆಯೂ ಹೌದು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಥರದ ಆಂಟಿಬಾಡಿ ಮಾಡುವ ಹೈಬ್ರಿಡೋಮಾ ತೋರಿಸದೇ ಇದ್ದಿದ್ದರೆ ಈ ಡಬ್ಬಗಳು ಯಾವುವೂ ಇರುತ್ತಿರಲಿಲ್ಲ. ಅವರು ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬಿಲ್ ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಕೊಂದದ್ದು ಯಾರು?

ಸಿಡಿ19 ಗುರುತಿಸುವ ಕಾರ್ ಹಾಕಿದ ಟಿ ಸೆಲ್‌ಗಳನ್ನು ನಾಲ್ಮ್-6 ಅನ್ನುವ ಲುಕೇಮಿಯಾ ಸೆಲ್‌ಗಳ ಜೊತೆ ಬಿಟ್ಟಿರಿ. ಮಾರನೆಯ ದಿನ ಲುಕೇಮಿಯಾ ಸೆಲ್‌ಗಳಲ್ಲಿ 60 ಪರ್ಸೆಂಟ್ ಸತ್ತಿವೆ. ಸಂತೋಷ. ಆದರೆ ಕೊಂದದ್ದು ಕಾರ್ ಅಂತ ಹೇಗೆ ಗೊತ್ತು?

ದಾನಿಯ ಟಿ ಸೆಲ್‌ಗೆ ನಾಲ್ಮ್-6 ಬೇರೆ ಮನುಷ್ಯನ ಸೆಲ್. ಎಚ್‌ಎಲ್‌ಎ (ನಮ್ಮ ಸೆಲ್ಲೋ ಪರರದ್ದೋ ಅಂತ ತಿಳಿಸುವ ಗುರುತು) ಹೊಂದುವುದಿಲ್ಲ. ಕಾರ್ ಇಲ್ಲದೆಯೂ ಅದು ಸ್ವಲ್ಪ ಕೊಲ್ಲಬಹುದು. ಹಾಗಾಗಿ ಅದೇ ದಾನಿಯ, ಅದೇ ದಿನ ಎಬ್ಬಿಸಿದ, ವೈರಸ್ ಹಾಕದ ಟಿ ಸೆಲ್‌ಗಳು ಪಕ್ಕದ ಸಾಲಿನಲ್ಲಿ ಇರಲೇಬೇಕು. ಜೊತೆಗೆ ಸಿಡಿ19 ಇಲ್ಲದ ಟಾರ್ಗೆಟ್ ಸೆಲ್, ಉದಾಹರಣೆಗೆ ಕೆ562. ಟಿ ಸೆಲ್ ಇಲ್ಲದೆ ಟಾರ್ಗೆಟ್ ತಾವಾಗಿ ಎಷ್ಟು ಸಾಯುತ್ತವೆ ಅಂತ ತೋರಿಸುವ ವೆಲ್ (ಪ್ಲೇಟಿನ ಪುಟ್ಟ ಗುಂಡಿ). ಸೋಪಿನ ದ್ರಾವಣ ಹಾಕಿ ಎಲ್ಲವನ್ನೂ ಒಡೆದ ವೆಲ್. ಪ್ಲೇಟಿನ ಅರ್ಧಕ್ಕಿಂತ ಜಾಸ್ತಿ ಕಂಟ್ರೋಲ್‌ಗಳೇ ತುಂಬಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಾಗೇ ಇರಬೇಕು. ಹೊರಸುತ್ತಿನ ವೆಲ್‌ಗಳಿಗೆ ಬರೀ ಪಿಬಿಎಸ್ ತುಂಬಿ, ಅಂಚಿನಲ್ಲಿ ನೀರು ಬೇಗ ಆರುತ್ತದೆ.

ಟಿ ಸೆಲ್ ಮತ್ತು ಟಾರ್ಗೆಟ್‌ನ ಅನುಪಾತ ಒಂದೇ ಇಟ್ಟು ನಿಲ್ಲಿಸಬೇಡಿ. 10:1ರಲ್ಲಿ ಯಾವ ಕಾರ್ ಆದರೂ ಕೊಲ್ಲುತ್ತದೆ. ಒಳ್ಳೆಯದು ಯಾವುದು ಅಂತ ತಿಳಿಯುವುದು 1:1ರಲ್ಲಿ, ಅದಕ್ಕಿಂತ ಕೆಳಗೆ. ನೂರಕ್ಕೆ ಎಷ್ಟು ಟಿ ಸೆಲ್‌ಗಳಲ್ಲಿ ಕಾರ್ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ ಅನುಪಾತ ಹಾಕಿದರೆ ಎರಡು ಕಾರ್‌ಗಳ ಹೋಲಿಕೆಗೆ ಅರ್ಥವೇ ಇಲ್ಲ.

ಈಗ ನಾನು ಎಲ್ಲರ ಹತ್ತಿರವೂ ಜಗಳ ಆಡುವ ವಿಷಯ. ಒಬ್ಬ ದಾನಿಯ ಸೆಲ್ ಮೂರು ವೆಲ್‌ಗೆ ಹಾಕಿದರೆ ಅದು ಮೂರು ಪ್ರಯೋಗ ಅಲ್ಲ. ಅದು ಒಂದು. ಮೂರು ವೆಲ್ ಹೇಳುವುದು ನಿಮ್ಮ ಪಿಪೆಟ್ ಎಷ್ಟು ನಿಖರ ಅಂತ ಮಾತ್ರ. ಮನುಷ್ಯರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಬೇರೆ ಬೇರೆ ಮನುಷ್ಯರೇ ಬೇಕು. ಇಲಿಗಳಲ್ಲಿ ಸಿ57 ತಳಿಯವು ಒಂದೇ ಅಚ್ಚಿನವು, ಮನುಷ್ಯರು ಹಾಗಲ್ಲ. ಒಬ್ಬರ ಟಿ ಸೆಲ್ ಹತ್ತು ದಿನದಲ್ಲಿ ನೂರು ಪಟ್ಟು ಬೆಳೆದರೆ ಇನ್ನೊಬ್ಬರದ್ದು ಹತ್ತು ಪಟ್ಟಿಗೇ ನಿಲ್ಲಬಹುದು. ಗ್ರಾಫಿನಲ್ಲಿ ಬರೀ ಕಂಬ ನಿಲ್ಲಿಸದೆ ಪ್ರತಿ ದಾನಿಗೂ ಒಂದು ಚುಕ್ಕಿ ಇಡಿ, ಕಾರ್ ಇರುವುದು ಇಲ್ಲದ್ದು ಎರಡನ್ನೂ ಗೆರೆ ಎಳೆದು ಸೇರಿಸಿ. ಸುಳ್ಳು ಹೇಳುವುದು ಆಗ ಕಷ್ಟ.

ಕಣ್ಣಿಗೆ ಕಾಣದ ಕಳ್ಳರು

ಫಂಗಸ್ ಬಂದರೆ ಕಾಣುತ್ತದೆ, ಬ್ಯಾಕ್ಟೀರಿಯಾ ಬಂದರೆ ಮೀಡಿಯಾ ಕದಡುತ್ತದೆ. ಮೈಕೋಪ್ಲಾಸ್ಮಾ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾ ಬಂದರೆ ಏನೂ ಕಾಣುವುದಿಲ್ಲ. ಅದಕ್ಕೆ ಸೆಲ್ ವಾಲ್ ಇಲ್ಲ, ಪೆನಿಸಿಲಿನ್ ಏನೂ ಮಾಡುವುದಿಲ್ಲ. 0.22 ಮೈಕ್ರಾನ್ ಫಿಲ್ಟರನ್ನೂ ದಾಟಿಬಿಡುತ್ತದೆ. ಸೆಲ್‌ಗಳು ಬದುಕಿರುತ್ತವೆ, ಆದರೆ ಸೈಟೋಕೈನ್ ಲೆಕ್ಕವೆಲ್ಲ ಏರುಪೇರು. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಹೊರಗಿನಿಂದ ಬಂದ ಸೆಲ್ ಲೈನ್ ಯಾವ ದೊಡ್ಡ ಲ್ಯಾಬಿನದ್ದಾದರೂ ಬೇರೆ ಇನ್‌ಕ್ಯುಬೇಟರಿನಲ್ಲಿಡಿ, ಫಲಿತಾಂಶ ಬರುವವರೆಗೆ ಒಳಗೆ ಬಿಡಬೇಡಿ.

ಎರಡನೆಯದು ಎಂಡೋಟಾಕ್ಸಿನ್. ಸತ್ತ ಬ್ಯಾಕ್ಟೀರಿಯಾದ ಚೂರು. ಆಟೋಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಇದು ಹೋಗುವುದಿಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ನೀವೇ ತಯಾರಿಸಿದ ಪ್ರೊಟೀನ್ ಹಾಕಿದಾಗ ಮೊನೋಸೈಟ್‌ಗಳು ಜೋರಾಗಿ ಎದ್ದವು ಅಂದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ.

ನೋಟ್‌ಬುಕ್, ದುಡ್ಡು, ಊಟ

ನೋಟ್‌ಬುಕ್ ಅವತ್ತಿನದು ಅವತ್ತೇ ಬರೆಯಿರಿ. ಸೀರಂನ ಲಾಟ್ ನಂಬರ್, ಆಂಟಿಬಾಡಿಯ ಕ್ಲೋನ್, ರಕ್ತ ತೆಗೆದ ಗಂಟೆ. ದಾನಿಯ ಹೆಸರು ಮಾತ್ರ ಬೇಡ, ಕೋಡ್ ಬರೆಯಿರಿ. ಸೀರಂ ಲಾಟ್ ಬದಲಾದರೆ ಟಿ ಸೆಲ್ ಬೆಳೆಯುವ ರೀತಿಯೇ ಬದಲಾಗುತ್ತದೆ. ಎರಡು ಮೂರು ಲಾಟಿನ ಸ್ಯಾಂಪಲ್ ತರಿಸಿ ನೋಡಿ, ಚೆನ್ನಾಗಿರುವುದನ್ನು ವರ್ಷಕ್ಕೆ ಸಾಕಾಗುವಷ್ಟು ಒಟ್ಟಿಗೆ ಕೊಳ್ಳಿ.

ಕೊಳ್ಳುವುದೂ ಒಂದು ವಿದ್ಯೆ. ನಮ್ಮ ಸಾಮಾನು ಬಹುಪಾಲು ಹೊರದೇಶದ್ದು. ಕೊಟೇಶನ್, ಮಂಜೂರಾತಿ, ಕಸ್ಟಮ್ಸ್ ಎಲ್ಲ ದಾಟಿ ಬರುವಷ್ಟರಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ. ಒಂದು ವೈಯಲ್ ತೆರೆದ ದಿನವೇ ಮುಂದಿನದಕ್ಕೆ ಇಂಡೆಂಟ್ ಹಾಕಿ. ಡ್ರೈ ಐಸ್‌ನಲ್ಲಿ ಬರುವ ಪಾರ್ಸೆಲ್ ಶುಕ್ರವಾರ ಸಂಜೆ ತಲುಪದಂತೆ ನೋಡಿಕೊಳ್ಳಿ. ಸ್ಟೋರ್ಸ್‌ನ ಅಣ್ಣನ ಫೋನ್ ನಂಬರ್ ನಿಮ್ಮ ಬಳಿ ಇರಲಿ. ನೈಟ್ರೋಜನ್ ತುಂಬುವವರ ನಂಬರ್ ಕೂಡ.

ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000. ಅದರ ಮೇಲೆ ಬಾಡಿಗೆ ಭತ್ಯೆ. ದುಡ್ಡು ತಡವಾಗಿ ಬರುವುದು ಹೊಸದಲ್ಲ. ಸೇರುವ ಮೊದಲು ಎರಡು ಮೂರು ತಿಂಗಳ ಖರ್ಚಿಗೆ ಕಾಸು ಕೈಯಲ್ಲಿಟ್ಟುಕೊಂಡು ಬನ್ನಿ. ಮನೆಯಲ್ಲಿ "ಇನ್ನೂ ಓದ್ತಾನೇ ಇದೀಯಾ?" ಅಂತ ಕೇಳುತ್ತಾರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೆಂಟ್ರಿಫ್ಯೂಜ್ ತಿರುಗುವ ಆ 30 ನಿಮಿಷದಲ್ಲಿ ಊಟ ಮುಗಿಸಿ. ಮಧ್ಯಾಹ್ನ ಇನ್ನೊಂದು ಬಿಡುವು ಸಿಗುವುದಿಲ್ಲ.

ಲ್ಯಾಬ್ ಆರಿಸುವಾಗ

ಈ ಕೆಲಸದಲ್ಲಿ ಎರಡು ದಾರಿ ಇವೆ. ಒಂದು ನಮ್ಮಂಥ ಸಂಶೋಧನೆ, ಇನ್ನೊಂದು ರೋಗಿಗೆ ಕೊಡುವ ಸೆಲ್‌ಗಳನ್ನೇ ತಯಾರಿಸುವ ಜಿಎಂಪಿ (ಔಷಧ ತಯಾರಿಕೆಯ ಕಟ್ಟುನಿಟ್ಟಿನ ನಿಯಮ) ಘಟಕ. ಅಲ್ಲಿ ಗೌನು, ಕ್ಲೀನ್ ರೂಮ್, ಬ್ಯಾಚ್ ರೆಕಾರ್ಡ್. ಒಂದು ಹೆಜ್ಜೆ ಬದಲಿಸಬೇಕಾದರೂ ಸಹಿ ಬೇಕು. "ಹೀಗೆ ಮಾಡಿದರೆ ಏನಾಗುತ್ತದೆ" ಅನ್ನುವ ಕುತೂಹಲಕ್ಕೆ ಅಲ್ಲಿ ಜಾಗ ಇಲ್ಲ, ಇರಲೂಬಾರದು. ಒಂದೇ ಕೆಲಸವನ್ನು ಪ್ರತಿ ಸಲವೂ ಒಂದೇ ಥರ ಮಾಡುವ ಶಿಸ್ತು ನಿಮಗಿದ್ದರೆ ಅದು ನಿಮ್ಮ ಜಾಗ, ಸಂಬಳವೂ ಬೇಗ ಕೈಗೆ ಬರುತ್ತದೆ. ಪಿಎಚ್‌ಡಿ ಮಾಡಿದರೇ ದೊಡ್ಡವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಪಿಎಚ್‌ಡಿಗೇ ಬರುತ್ತೀರಾದರೆ, ಸಂದರ್ಶನದ ದಿನ ಗೈಡ್ ಜೊತೆ ಮಾತು ಮುಗಿದ ಮೇಲೆ ಅಲ್ಲಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ. ರೋಗಿಯ ಸ್ಯಾಂಪಲ್ ತಿಂಗಳಿಗೆ ಎಷ್ಟು ಬರುತ್ತದೆ ಕೇಳಿ. ಯೋಚನೆ ದೊಡ್ಡದಿದ್ದು, ಆಸ್ಪತ್ರೆಯ ಜೊತೆ ಒಪ್ಪಂದವೇ ಆಗಿಲ್ಲದ ಪ್ರಾಜೆಕ್ಟುಗಳು ಬೇಕಾದಷ್ಟಿವೆ. ಫ್ಲೋ ಮೆಷಿನ್ ಬುಕಿಂಗ್‌ಗೆ ಎಷ್ಟು ದಿನ ಕಾಯಬೇಕು ಕೇಳಿ. ಫೇಲಾದ ಪ್ರಯೋಗವನ್ನು ಲ್ಯಾಬ್ ಮೀಟಿಂಗಿನಲ್ಲಿ ತೋರಿಸಬಹುದಾ ಕೇಳಿ, ಅವರ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ಕೊನೆಗೆ, ಸೆಲ್ ಕಲ್ಚರ್ ರೂಮ್ ತೋರಿಸಿ ಅನ್ನಿ. ಗೋಡೆಯ ಮೇಲೆ ಮೈಕೋಪ್ಲಾಸ್ಮಾ ಟೆಸ್ಟಿನ ಚಾರ್ಟು, ನೈಟ್ರೋಜನ್ ಟ್ಯಾಂಕಿನ ಪಕ್ಕದಲ್ಲಿ ರಿಜಿಸ್ಟರ್ ಇರಬೇಕು. ಎರಡರಲ್ಲೂ ಕೊನೆಯ ಎಂಟ್ರಿಯ ತಾರೀಖು ನೋಡಿಕೊಂಡು ಬನ್ನಿ.